ಪದಾಂತ್ಯ ವ್ಯಂಜನದ ಬೋಧನೆ: ಪುತ್ತೂರು ಸೀಮೆಯ ಒಂದು ಭಾಷಿಕ ಪ್ರಶ್ನೆ

ಕರ್ನಾಟಕದ ಸರಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸುವ ಕ್ರಮ 2007–08ರಲ್ಲಿ ಆರಂಭವಾಯಿತು. 2019–20ರಲ್ಲಿ ಒಂದು ಸಾವಿರ ಸರಕಾರಿ ಶಾಲೆಗಳಲ್ಲಿ ಆಂಗ್ಲ ಮಾಧ್ಯಮದ ವಿಭಾಗಗಳೂ ತೆರೆದವು. ಈ ಎರಡು ನಿರ್ಧಾರಗಳ ಸರಿತಪ್ಪುಗಳ ಕುರಿತು ಕನ್ನಡದ ವಿದ್ವತ್ ವಲಯದಲ್ಲಿ ಸಾಕಷ್ಟು ಚರ್ಚೆ ನಡೆದಿದೆ. ಆದರೆ ನಿರ್ಧಾರವೊಂದು ಜಾರಿಗೆ ಬಂದ ಬಳಿಕ ಆರು ವರ್ಷದ ಮಗುವಿನ ಕಿವಿಯಲ್ಲಿ ಮತ್ತು ಬಾಯಲ್ಲಿ ಏನು ನಡೆಯುತ್ತದೆ ಎಂಬುದು ಕನ್ನಡ ವಿಭಾಗಗಳ ಆಸಕ್ತಿಯ ವಿಷಯವಾಗಿಲ್ಲ. ಅದು ಇಂಗ್ಲಿಷ್ ವಿಭಾಗದ ಕೆಲಸವೆಂದು ಕನ್ನಡದವರೂ, ಪ್ರಾಥಮಿಕ ಶಿಕ್ಷಕರ ಕೆಲಸವೆಂದು ಇಂಗ್ಲಿಷಿನವರೂ ಕೈಬಿಟ್ಟ ಕ್ಷೇತ್ರವಿದು. ಇಂಗ್ಲಿಷ್ ಪದಗಳ ಕೊನೆಯ ವ್ಯಂಜನವನ್ನು ಗುರುತಿಸಿ ಉಚ್ಚರಿಸುವುದನ್ನು ಮಕ್ಕಳಿಗೆ ಕಲಿಸುವ ಪ್ರಶ್ನೆ ಇಂಥ ಕ್ಷೇತ್ರದ ಒಂದು ಮೂಲೆ. ಚಿಕ್ಕ ಮೂಲೆಯೇ ಆದರೂ ಅದರ ಬೇರು ಹಳಗನ್ನಡ ವ್ಯಾಕರಣದಲ್ಲಿದೆ. ಆದ್ದರಿಂದ ಇದನ್ನು ವಿವರಿಸುವ ಹೊಣೆ ಕನ್ನಡದವರದೇ ಆಗಿದೆ.

ಶಾಲೆಯ ಗೇಟಿನಲ್ಲಿ ನಿಂತ ಪೋಷಕರು ಇಂಗ್ಲಿಷ್ ಕಲಿಕೆಯನ್ನು ಅಳೆಯುವುದು ವ್ಯಾಕರಣದಿಂದಲ್ಲ, ಪದದ ಕೊನೆಯಿಂದ. ‘ಬಸ್ಸು’ ಎಂದ ಮಗುವಿಗೆ ಇಂಗ್ಲಿಷ್ ಬಾರದು, ‘ಬಸ್’ ಎಂದ ಮಗುವಿಗೆ ಬಂತು ಎಂಬ ತೀರ್ಮಾನ ಕ್ಷಣದಲ್ಲಿ ಆಗಿಬಿಡುತ್ತದೆ. ಹಳ್ಳಿಯ ಕನ್ನಡ ಶಾಲೆಯೊಂದು ಮಕ್ಕಳನ್ನು ಕಳೆದುಕೊಳ್ಳುವ ಕಾರಣಗಳಲ್ಲಿ ಇಂಥ ತೀರ್ಮಾನವೂ ಸೇರಿದೆ. ತರಗತಿಯ ಒಳಗೂ ಇದೇ ಮಾನದಂಡ ಕೆಲಸ ಮಾಡುತ್ತದೆ. ತಿದ್ದಿಸಿಕೊಂಡ ಮಗು ನಾಲ್ಕನೆಯ ಬಾರಿ ಬಾಯಿ ತೆರೆಯುವುದಿಲ್ಲ. ಹೀಗಿರುವಾಗ ಆ ‘ಉ’ ಎಂಬುದು ಎಲ್ಲಿಂದ ಬಂತು, ಅದು ತಪ್ಪೇ, ತಪ್ಪಾದರೆ ಎಷ್ಟರ ಮಟ್ಟಿಗೆ ಎಂಬುದನ್ನು ವಿಚಾರಿಸುವುದು ಅಗತ್ಯ.

ಹಳಗನ್ನಡದಲ್ಲಿ ವ್ಯಂಜನಾಂತ ಪದಗಳು ಧಾರಾಳವಾಗಿದ್ದವು. ಕಣ್, ಮಣ್, ಕಲ್, ಪಲ್, ಕಾಲ್, ಪಾಲ್, ನೀರ್, ಬಾಯ್, ಪೆಸರ್, ಪಗಲ್ ಮೊದಲಾದವು ಎಲ್ಲ ಕನ್ನಡ ವಿದ್ಯಾರ್ಥಿಗಳಿಗೂ ಪರಿಚಿತ. ಹದಿಮೂರನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ವ್ಯಂಜನಾಂತ ಪ್ರಕೃತಿಗಳನ್ನು ಪ್ರತ್ಯೇಕವಾಗಿಯೇ ಪರಿಗಣಿಸುತ್ತಾನೆ. ನಡುಗನ್ನಡದ ವೇಳೆಗೆ ಇವುಗಳ ಕೊನೆಗೆ ಸ್ವರ ಸೇರಿ ಭಾಷೆ ಸ್ವರಾಂತವಾಯಿತು. ಸೇರಿದ ಕ್ರಮ ಮಾತ್ರ ಅಡ್ಡಾದಿಡ್ಡಿಯಾಗಿರಲಿಲ್ಲ. ಹ್ರಸ್ವಸ್ವರವುಳ್ಳ ಒಂದೇ ಅಕ್ಷರದ ಪದವಾದರೆ ವ್ಯಂಜನ ಇಮ್ಮಡಿಯಾಗಿ ಉಕಾರ ಬಂತು: ಕಣ್ಣು, ಮಣ್ಣು, ಕಲ್ಲು, ಹಲ್ಲು. ದೀರ್ಘಸ್ವರವಿದ್ದರೆ ಇಮ್ಮಡಿಸಲಿಲ್ಲ: ಕಾಲು, ಹಾಲು, ನೀರು. ಒಂದಕ್ಕಿಂತ ಹೆಚ್ಚು ಅಕ್ಷರಗಳಿದ್ದಾಗಲೂ ಇಲ್ಲ: ಹೆಸರು, ಹಗಲು. ಯಕಾರಾಂತಗಳಿಗೆ ಇಕಾರ ಬಂತು: ಬಾಯಿ, ನಾಯಿ, ತಾಯಿ.

ಈಗ ಆರು ವರ್ಷದ ಮಗುವಿನ ಇಂಗ್ಲಿಷನ್ನು ಗಮನಿಸಬೇಕು. ಬಸ್ಸು, ಪೆನ್ನು, ಬುಕ್ಕು, ಬೆಲ್ಲು, ನಿಬ್ಬು; ಆದರೆ ಕಾರು, ಸೀಟು, ಗೇಟು, ರೋಡು, ಲೈಟು; ಹಾಗೆಯೇ ಟಿಕೆಟು, ನಂಬರು, ಡಾಕ್ಟರು. ‘ಕಾರ್ರು’ ಎಂದಾಗಲಿ ‘ಟಿಕೆಟ್ಟು’ ಎಂದಾಗಲಿ ಯಾವ ಮಗುವೂ ಸಾಮಾನ್ಯವಾಗಿ ಹೇಳದು. ಬ್ಯಾಗು, ಬ್ಯಾಟುಗಳಲ್ಲಿ ಇಮ್ಮಡಿಸದಿರುವುದಕ್ಕೂ ಕಾರಣವಿದೆ. ಆ ಸ್ವರವನ್ನು ಕನ್ನಡದ ಕಿವಿ ದೀರ್ಘವೆಂದೇ ಗ್ರಹಿಸುತ್ತದೆ. ಅಂದರೆ ಎಂಟು ನೂರು ವರ್ಷಗಳ ಹಿಂದೆ ‘ಕಲ್’ ಎಂಬುದನ್ನು ಕಲ್ಲೆಂದೂ ‘ಕಾಲ್’ ಎಂಬುದನ್ನು ಕಾಲೆಂದೂ ಬೇರ್ಪಡಿಸಿದ ಅದೇ ನಿಯಮ, ಯಾರೂ ಕಲಿಸದೆ, ಒಂದನೆಯ ತರಗತಿಯ ಮಗುವಿನ ಬಾಯಲ್ಲಿ ಕೆಲಸ ಮಾಡುತ್ತಿದೆ. ‘ಎಸ್ಸೆಸ್ಸೆಲ್ಸಿ’ ಎಂಬ ಶಬ್ದ ಇದಕ್ಕೆ ಇನ್ನೂ ಸೊಗಸಾದ ಸಾಕ್ಷಿ. ಕಣ್ ಎಂಬುದರ ಮುಂದೆ ಇಲ್ಲ ಬಂದಾಗ ಕಣ್ಣಿಲ್ಲ ಎಂದಾಗುವಂತೆ, ಎಸ್ ಮುಂದೆ ಎಸ್ ಬಂದಾಗ ಎಸ್ಸೆಸ್ ಆಗಿದೆ. ಕೊನೆಯಲ್ಲಿ ಲಕಾರದ ಮುಂದೆ ವ್ಯಂಜನ ಬಂದುದರಿಂದ ಅದು ಶುದ್ಧ ಅರ್ಧಾಕ್ಷರವಾಗಿಯೇ ಉಳಿದಿದೆ. ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಹಳಗನ್ನಡದ ಸಂಧಿಕ್ರಮದಲ್ಲಿ ಬೆಸೆದ ಈ ಪದಕ್ಕೆ ಯಾವ ವೈಯಾಕರಣನ ಅನುಮತಿಯೂ ಬೇಕಾಗಲಿಲ್ಲ.

ಸ್ವರಾಂತ ಭಾಷೆಗಳೆಲ್ಲ ಹೀಗೆಯೇ ವರ್ತಿಸುತ್ತವೆ. ಜಪಾನೀ ಭಾಷೆಯಲ್ಲಿ ಕಪ್ ಎಂಬುದು ‘ಕಪ್ಪು’ ಆಗಿದೆ, ಬೆಡ್ ಎಂಬುದು ‘ಬೆಡ್ಡೊ’ ಆಗಿದೆ. ಅಲ್ಲಿಯೂ ಹ್ರಸ್ವದ ಮುಂದೆ ಇಮ್ಮಡಿ. ದ್ರಾವಿಡ ಭಾಷೆಗಳ ಈ ಸಹಾಯಕ ಉಕಾರವನ್ನು ಕಾಲ್ಡ್‌ವೆಲ್ 1856ರ ತನ್ನ ತೌಲನಿಕ ವ್ಯಾಕರಣದಲ್ಲಿಯೇ ಚರ್ಚಿಸಿದ್ದಾನೆ. ಆದ್ದರಿಂದ ‘ಬಸ್ಸು’ ಎಂಬುದನ್ನು ನಾಲಿಗೆಯ ದೋಷವೆಂದು ಕರೆಯುವುದು ಭಾಷಾವಿಜ್ಞಾನದ ದೃಷ್ಟಿಯಿಂದ ನಿಲ್ಲದ ಮಾತು.

ಇಷ್ಟು ಹೇಳಿ ನಿಲ್ಲಿಸಿದರೆ ಮೈಸೂರು ಸೀಮೆಯ ಮಗುವಿನ ಕುರಿತು ಹೇಳಿದಂತಾಗುತ್ತದೆ. ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಸ್ಥಿತಿ ಇದಕ್ಕಿಂತ ಸೂಕ್ಷ್ಮ. ಇಲ್ಲಿಯ ಬಹುಪಾಲು ಮಕ್ಕಳ ಮನೆಮಾತು ಕನ್ನಡವಲ್ಲ, ತುಳು. ತುಳುವಿನಲ್ಲಿ ಪದಾಂತ್ಯದ ಉಕಾರ ಎರಡು ಬಗೆ. ಊರು, ಓಡು ಮೊದಲಾದ, ಹಿಂದೆ ದುಂಡು ಸ್ವರವಿರುವ ಪದಗಳಲ್ಲಿ ಸಾಮಾನ್ಯವಾಗಿ ಪೂರ್ಣ ಉಕಾರವಿದೆ. ಕಣ್ಣ್, ಕಲ್ಲ್, ನೀರ್, ಕಾಡ್ ಮುಂತಾದವುಗಳಲ್ಲಿ ತುಟಿ ದುಂಡಾಗದೆ, ನಾಲಿಗೆ ಸ್ವಲ್ಪವೇ ಎದ್ದು ಹುಟ್ಟುವ ಇನ್ನೊಂದು ಸ್ವರವಿದೆ. ಇದನ್ನೇ ಅರ್ಧ ಉಕಾರವೆನ್ನುವುದು ರೂಢಿ. ತಮಿಳು ವೈಯಾಕರಣರ ಕುಟ್ರಿಯಲುಕರಂ, ಮಲಯಾಳದ ಸಂವೃತ ಉಕಾರ ಇದರ ನೆಂಟರು. 1872ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಬಂದ ಬ್ರಿಗೆಲ್‌ನ ತುಳು ವ್ಯಾಕರಣದಿಂದ ಮೊದಲ್ಗೊಂಡು, 1967ರಲ್ಲಿ ಪ್ರಕಟವಾದ ಡಿ. ಎನ್. ಶಂಕರ ಭಟ್ಟರ ವರ್ಣನಾತ್ಮಕ ಅಧ್ಯಯನದವರೆಗೆ ತುಳುವಿನ ಬಗ್ಗೆ ಬರೆದವರಿಗೆಲ್ಲ ಈ ಧ್ವನಿಯೊಡನೆ ಸೆಣಸಬೇಕಾಯಿತು. ಕನ್ನಡ ಲಿಪಿಯಲ್ಲಿ ಅದಕ್ಕೆ ಚಿಹ್ನೆಯಿಲ್ಲ. ಹಾಗಾಗಿ ಬರೆಯುವವರು ವ್ಯಂಜನದ ತಲೆಗೆ ಅರ್ಧಾಕ್ಷರದ ಗುರುತು ಹಾಕಿ ಸುಮ್ಮನಾದರು. ಓದುವವರು ಅಲ್ಲಿ ಸ್ವರವಿದೆಯೆಂದು ತಿಳಿದು ಓದಿದರು.

ಈ ಬರಹದ ರೂಢಿ ತುಳುವಿಗೆ ಅನುಕೂಲವಾಯಿತು, ಇಂಗ್ಲಿಷ್ ಕಲಿಕೆಗೆ ತೊಡಕಾಯಿತು. ಶಿಕ್ಷಕಿ ಕರಿಹಲಗೆಯ ಮೇಲೆ ‘ಕ್ಯಾಟ್’ ಎಂದು ಕನ್ನಡದಲ್ಲಿ ಬರೆದು ತೋರಿಸಿದರೆ ಧಾರವಾಡದ ಮಗುವಿಗೆ ಅಲ್ಲಿ ಸ್ವರವಿಲ್ಲವೆಂಬ ಸೂಚನೆ ಸಿಗಬಹುದು. ಪುತ್ತೂರಿನ ಮಗುವಿಗೆ ಅದೇ ಗುರುತು ಅರ್ಧ ಉಕಾರವನ್ನು ಸೇರಿಸೆಂಬ ಆಜ್ಞೆ. ಅದಕ್ಕಿಂತ ಮುಖ್ಯವಾದ ಸಂಗತಿ, ಆ ಸ್ವರ ವ್ಯಂಜನದ ಬಿಡುಗಡೆಗೆ ಎಷ್ಟು ಹತ್ತಿರವೆಂದರೆ ತುಳು ಮನೆಮಾತಿನ ಶಿಕ್ಷಕಿಗೂ ತಾನು ಸ್ವರವೊಂದನ್ನು ನುಡಿಯುತ್ತಿದ್ದೇನೆಂದು ಕೇಳಿಸುವುದಿಲ್ಲ. ‘ಬಸ್ಸು’ ಎನ್ನಬೇಡ, ‘ಬಸ್’ ಎನ್ನು ಎಂದು ತಿದ್ದುವ ಶಿಕ್ಷಕಿಯ ‘ಬಸ್’ ಕೂಡ ಬಹಳ ಸಲ ತುಳುವಿನ ‘ಬಸ್ಸ್’ ಆಗಿರುತ್ತದೆ.

ಒಂದೇ ಬೆಂಚಿನ ಮೇಲೆ ತುಳುವಿನ ಮಗುವಿನ ಪಕ್ಕದಲ್ಲಿ ಇನ್ನೂ ಹಲವು ಮನೆಮಾತುಗಳು ಕುಳಿತಿರುತ್ತವೆ. ಕ್ರೈಸ್ತ ಕೊಂಕಣಿಯ ಮಗು ಮನೆಯಲ್ಲಿ ಹಾತ್, ದೀಸ್, ದಾಂತ್ ಎನ್ನುತ್ತದೆ. ಅದಕ್ಕೆ ಪದಾಂತ್ಯದ ತಕಾರ ಸಕಾರಗಳು ಹುಟ್ಟಿನಿಂದಲೇ ಬಂದಿವೆ. ಗೌಡ ಸಾರಸ್ವತ ಕೊಂಕಣಿಯ ಮಗು ಅದೇ ಪದಗಳನ್ನು ಹಾತು, ದೀಸು, ದಾಂತು ಎನ್ನುತ್ತದೆ. ಮಲಯಾಳದ ಮಗುವಿಗೆ ಅವನ್, ಅವಳ್, ಕಾಲ್, ಪಾಲ್ ಸಹಜ. ಆದರೆ ಸ್ಪರ್ಶ ವ್ಯಂಜನಗಳ ಮುಂದೆ ಅದಕ್ಕೂ ಸಂವೃತ ಉಕಾರ ಬೇಕು. ಹವ್ಯಕರ ಮನೆಯಲ್ಲಿ ಹಳಗನ್ನಡದ ಮಗಂ ಎಂಬುದು ಅನುನಾಸಿಕ ಸ್ವರವಾಗಿ ಉಳಿದಿದ್ದು, ಇತ್ತೀಚಿನ ಬರಹಗಾರರು ಅದನ್ನು ಪದದ ಕೊನೆಗೊಂದು ಸಣ್ಣ ಸೊನ್ನೆಯಿಟ್ಟು ಸೂಚಿಸುತ್ತಾರೆ. ಬ್ಯಾರಿ ಭಾಷೆ, 2011ರಲ್ಲಿ ತನ್ನದೇ ಅಕಾಡೆಮಿ ಪಡೆದ ಸುಳ್ಯ–ಕೊಡಗಿನ ಅರೆಭಾಷೆ ಇವುಗಳಿಗೂ ತಮ್ಮವೇ ಪದಾಂತ್ಯಗಳಿವೆ. ಈ ಮಕ್ಕಳೆಲ್ಲರಿಗೂ ಒಂದೇ ತಿದ್ದುಪಡಿಯನ್ನು ಹಂಚುವುದು, ಜ್ವರವಿಲ್ಲದವನಿಗೂ ಕಷಾಯ ಕುಡಿಸಿದಂತೆ.

ಲಿಪಿಯ ತೊಡಕು ಇನ್ನೊಂದು ಬಗೆಯದು. ಕನ್ನಡದಲ್ಲಿ ‘ಕ’ ಎಂದರೆ ಅಕಾರ ಸಹಿತವಾದ ಅಕ್ಷರ. ನಲಿಕಲಿಯ ಕ್ರಮದಲ್ಲಿ ಮಗು ಮೊದಲು ಇಂಥ ಅಕ್ಷರಗಳನ್ನೇ ಕಲಿಯುತ್ತದೆ. ಗುಣಿತ ಆಮೇಲೆ, ಒತ್ತಕ್ಷರ ಮತ್ತು ಅರ್ಧಾಕ್ಷರ ಅದರ ನಂತರ. ಇಂಗ್ಲಿಷ್ ಪುಸ್ತಕ ಮಾತ್ರ ಮೊದಲ ವರ್ಷದಲ್ಲೇ ಕ್ಯಾಟ್, ಬ್ಯಾಟ್, ಡಾಗ್‌ಗಳಿಂದ ಆರಂಭವಾಗುತ್ತದೆ. ಅಂದರೆ ಸ್ವರವಿಲ್ಲದ ವ್ಯಂಜನವೆಂಬ ಕಲ್ಪನೆ ಸ್ವಂತ ಲಿಪಿಯಲ್ಲಿ ಪರಿಚಯವಾಗುವ ಮೊದಲೇ ಪರಲಿಪಿಯಲ್ಲಿ ಎದುರಾಗುತ್ತದೆ. ಮಗು ‘ಕ–ಆ್ಯ–ಟ’ ಎಂದು ಕೂಡಿಸಿ ಓದಿದರೆ ಅದು ಕಲಿತದ್ದನ್ನು ಪ್ರಾಮಾಣಿಕವಾಗಿ ಅನ್ವಯಿಸಿದೆ ಎಂದಷ್ಟೇ ಅರ್ಥ. ಖಾಸಗಿ ಶಾಲೆಗಳಲ್ಲಿ ಬಳಕೆಗೆ ಬಂದಿರುವ ಫೋನಿಕ್ಸ್ ಪದ್ಧತಿಯ ಪ್ರಸಿದ್ಧ ಪಾಠಕ್ರಮವೊಂದು ಎಸ್, ಎ, ಟಿ, ಐ, ಪಿ, ಎನ್ ಎಂಬ ಅನುಕ್ರಮದಲ್ಲಿ ಸಾಗುತ್ತದೆ. ಅದು ಇಂಗ್ಲೆಂಡಿನಲ್ಲಿ, ಇಂಗ್ಲಿಷನ್ನು ಆಗಲೇ ಮಾತಾಡಬಲ್ಲ ಮಕ್ಕಳಿಗೆ ಓದು ಕಲಿಸಲು ರೂಪುಗೊಂಡದ್ದು. ಧ್ವನಿಯನ್ನೇ ಹೊಸದಾಗಿ ಕಲಿಯಬೇಕಾದ ಮಗುವನ್ನು ಅದು ಉದ್ದೇಶಿಸಿರಲಿಲ್ಲ.

ಹಾಗಾದರೆ ತಿದ್ದಬೇಕಾದದ್ದು ಏನು? ಪದಾಂತ್ಯದ ಉಕಾರವನ್ನು ಕಿತ್ತುಹಾಕುವುದೇ ಗುರಿ ಎಂದು ಭಾವಿಸಿದ್ದರಿಂದ ಬಹಳ ಹಾನಿಯಾಗಿದೆ. ‘ಬ್ಯಾಗು’, ‘ಬ್ಯಾಕು’ ಎನ್ನುವ ಮಗು ಗಕಾರ ಕಕಾರಗಳ ವ್ಯತ್ಯಾಸವನ್ನು ಸ್ಪಷ್ಟವಾಗಿ ಉಳಿಸಿಕೊಂಡಿದೆ. ಸ್ವರವನ್ನು ಬಲವಂತದಿಂದ ಕತ್ತರಿಸಿದಾಗ ಗಕಾರದ ಘೋಷವೂ ಅದರೊಡನೆ ಹೋಗಿ ಎರಡೂ ಒಂದೇ ಆಗಿಬಿಡುವ ಅಪಾಯವಿದೆ. ಇಂಗ್ಲಿಷಿನಲ್ಲಿ ಈ ವ್ಯತ್ಯಾಸವನ್ನು ಹೊರುವುದು ಮುಖ್ಯವಾಗಿ ಕೊನೆಯ ವ್ಯಂಜನವಲ್ಲ, ಅದರ ಹಿಂದಿನ ಸ್ವರದ ಅಳತೆ. ಅಘೋಷದ ಮೊದಲು ಸ್ವರ ಮೊಟಕು, ಘೋಷದ ಮೊದಲು ಉದ್ದ. ಸೀಟ್ ಮತ್ತು ಸೀಡ್ ಎಂಬೆರಡನ್ನೂ ಕನ್ನಡದಲ್ಲಿ ಒಂದೇ ದೀರ್ಘದಿಂದ ಬರೆಯುತ್ತೇವಾದರೂ ಇಂಗ್ಲಿಷ್ ಕಿವಿಗೆ ಅವು ಒಂದೇ ಅಳತೆಯವಲ್ಲ. ಈ ಸಂಗತಿಯನ್ನು ಹೇಳಿಕೊಡದೆ ಬರಿದೆ ಉಕಾರವನ್ನು ನಿಷೇಧಿಸಿದರೆ ಮಗು ಇದ್ದದ್ದನ್ನೂ ಕಳೆದುಕೊಳ್ಳುತ್ತದೆ.

ಅಂತರರಾಷ್ಟ್ರೀಯ ಸಂವಹನದ ಇಂಗ್ಲಿಷ್ ಕುರಿತು 2000ದಲ್ಲಿ ಪ್ರಕಟವಾದ ಜೆನಿಫರ್ ಜೆಂಕಿನ್ಸ್ ಅವರ ಗ್ರಂಥ ಇಲ್ಲಿ ನೆನಪಿಸತಕ್ಕದ್ದು. ವ್ಯಂಜನವನ್ನು ನುಂಗುವುದರಿಂದ ಆಗುವಷ್ಟು ತೊಂದರೆ ಸ್ವರವೊಂದನ್ನು ಸೇರಿಸುವುದರಿಂದ ಆಗದು, ಆದರೆ ಸ್ವರದ ಅಳತೆಯ ವ್ಯತ್ಯಾಸ ತಪ್ಪಿದರೆ ಅರ್ಥ ಕೆಡುತ್ತದೆ ಎಂಬ ದಿಕ್ಕಿನಲ್ಲಿ ಅವರ ವಾದ ಸಾಗುತ್ತದೆ. ಅದನ್ನು ಪುತ್ತೂರಿಗೆ ಅನ್ವಯಿಸಿದರೆ ತುಳುವಿನ ಅರ್ಧ ಉಕಾರದ ಬೆನ್ನು ಹತ್ತುವ ಅಗತ್ಯವೇ ಇಲ್ಲ. ಅದು ಉಚ್ಚಾರಣೆಯ ಊರಗುರುತು, ಇರಲಿ. ಗಮನ ಹೋಗಬೇಕಾದದ್ದು ಬೇರೆ ಕಡೆ. ಬಹುವಚನದ ಸಕಾರ, ಭೂತಕಾಲದ ತಕಾರ ದಕಾರಗಳು ಇಂಗ್ಲಿಷಿನಲ್ಲಿ ಪದದ ಕಟ್ಟಕಡೆಯಲ್ಲಿ, ಅದೂ ವ್ಯಂಜನದ ಬೆನ್ನಿಗೆ ವ್ಯಂಜನವಾಗಿ ಬರುತ್ತವೆ. ಕನ್ನಡವೂ ವ್ಯಾಕರಣವನ್ನು ಪದದ ಕೊನೆಯಲ್ಲಿಯೇ ಇಡುತ್ತದೆ: ಬಂದನು, ಬಂದಳು, ಬಂದರು. ಹಾಗಾಗಿ ಪದಾಂತ್ಯವನ್ನು ಕಿವಿಗೊಟ್ಟು ಕೇಳುವ ಅಭ್ಯಾಸ ಮಗುವಿಗಿದೆ; ಆದರೆ ಅಲ್ಲಿ ಸ್ವರಯುಕ್ತವಾದ ಪ್ರತ್ಯಯವನ್ನು ನಿರೀಕ್ಷಿಸುವ ಅಭ್ಯಾಸವದು. ‘ವಾಕ್ಡ್’ ಎಂಬಲ್ಲಿ ಕೇವಲ ಒಂದು ತಕಾರದಷ್ಟು ಧ್ವನಿಯಲ್ಲಿ ಭೂತಕಾಲ ಅಡಗಿದೆಯೆಂದು ಅದಕ್ಕೆ ಕೇಳಿಸುವುದಿಲ್ಲ. ಕೇಳಿಸದ್ದನ್ನು ಬರೆಯುವುದೂ ಇಲ್ಲ. ಹೈಸ್ಕೂಲಿನಲ್ಲಿ ವ್ಯಾಕರಣದೋಷವೆಂದು ಕೆಂಪು ಶಾಯಿ ಬೀಳುವ ಎಷ್ಟೋ ಕಡೆ ಮೂಲದಲ್ಲಿರುವುದು ಶ್ರವಣದ ಕೊರತೆ. ಇಡೀ ಪ್ರಶ್ನೆಯಲ್ಲಿ ನಿಜವಾಗಿ ಪಣಕ್ಕಿರುವುದು ಇದು; ‘ಬಸ್ಸು’ ಅಲ್ಲ.

ಕಲಿಸುವ ದಾರಿಯನ್ನೂ ಕನ್ನಡವೇ ತೋರಿಸಬಲ್ಲದು. ಪ್ರಸ್ತಾರ ಹಾಕಬಲ್ಲ ಪ್ರತಿಯೊಬ್ಬ ಕನ್ನಡ ಅಧ್ಯಾಪಕನಿಗೂ ಒತ್ತಕ್ಷರದ ಹಿಂದಿನ ಅಕ್ಷರ ಗುರುವೆಂದು ಗೊತ್ತು. ಏಕೆ ಗುರು? ಲಿಪಿಯಲ್ಲಿ ‘ಅ–ಪ್ಪ’ ಎಂದು ಒಡೆದರೂ ಉಚ್ಚಾರದಲ್ಲಿ ಅದು ‘ಅಪ್–ಪ’. ಮೊದಲ ಅಕ್ಷರ ಪಕಾರದಿಂದ ಮುಚ್ಚಿಕೊಂಡಿದೆ. ಸೇಡಿಯಾಪು ಕೃಷ್ಣ ಭಟ್ಟರಂಥ ಛಂದೋವಿದ್ವಾಂಸರು ಬಾಳಿದ ಸೀಮೆಯಲ್ಲಿ ಇದನ್ನು ವಿವರಿಸಿ ಹೇಳುವ ಅಗತ್ಯವಿರಲಾರದು. ಅಪ್ಪ ಎನ್ನುವಾಗ ತುಟಿ ಮುಚ್ಚಿದ ಕ್ಷಣದಲ್ಲಿ ನಿಂತರೆ ಅದೇ ಇಂಗ್ಲಿಷಿನ ‘ಅಪ್’. ಕಪ್ಪೆಯಲ್ಲಿ ಅರ್ಧಕ್ಕೆ ನಿಂತರೆ ‘ಕಪ್’, ಗುಡ್ಡದಲ್ಲಿ ‘ಗುಡ್’, ಬೆಲ್ಲದಲ್ಲಿ ‘ಬೆಲ್’, ಚಿನ್ನದಲ್ಲಿ ‘ಚಿನ್’. ಇಂಗ್ಲಿಷರು ಸಹಜ ಮಾತಿನಲ್ಲಿ ಪದಾಂತ್ಯದ ಸ್ಪರ್ಶವನ್ನು ಅನೇಕ ವೇಳೆ ಬಿಡಿಸುವುದೇ ಇಲ್ಲ, ಮುಚ್ಚಿ ಸುಮ್ಮನಾಗುತ್ತಾರೆ. ಒತ್ತಕ್ಷರದ ಮೊದಲರ್ಧ ಅದಕ್ಕೆ ಸರಿಯಾದ ಮಾದರಿ. ಮಗುವಿಗೆ ಧ್ವನಿ ಹೊಸದಲ್ಲ, ಸ್ಥಾನ ಮಾತ್ರ ಹೊಸದು. ಸಮಾಸಗಳಲ್ಲಿಯೂ ಹಳಗನ್ನಡದ ವ್ಯಂಜನಾಂತ ಇನ್ನೂ ಜೀವಂತವಾಗಿದೆ. ಕಣ್ಮುಚ್ಚಾಲೆ ಆಡುವ, ಕಾಲ್ಚೆಂಡು ಒದೆಯುವ ಮಗು ‘ಕಣ್’, ‘ಕಾಲ್’ಗಳನ್ನು ದಿನವೂ ನುಡಿಯುತ್ತಿದೆ.

ಇನ್ನೊಂದು ಉಪಾಯ ಲೋಪಸಂಧಿಯದು. ಮಾತಿಲ್ಲ, ಊರಲ್ಲಿ ಎನ್ನುವಾಗ ಮಗು ತಾನಾಗಿಯೇ ಉಕಾರವನ್ನು ಬಿಡುತ್ತದೆ. ಇಂಗ್ಲಿಷಿನಲ್ಲಿಯೂ ಪದಾಂತ್ಯದ ವ್ಯಂಜನ ಮುಂದಿನ ಸ್ವರಕ್ಕೆ ಅಂಟಿಕೊಳ್ಳುತ್ತದೆ. ಆದ್ದರಿಂದ ಬಿಡಿ ಪದಗಳನ್ನು ಗಿಳಿಪಾಠ ಮಾಡಿಸುವ ಬದಲು ‘ಗೆಟ್ ಅಪ್’, ‘ಪುಟ್ ಇಟ್ ಆನ್’ ಮೊದಲಾದ ಮಾತುಗಳಿಂದ ಆರಂಭಿಸಿದರೆ, ‘ಗೆಟಪ್’, ‘ಪುಟಿಟಾನ್’ ಎಂಬ ಕೂಡಿಕೆಯಲ್ಲಿ ಉಕಾರಕ್ಕೆ ಕಾಲಿಡಲು ಜಾಗವೇ ಇರುವುದಿಲ್ಲ.

ಪದಗಳ ಅನುಕ್ರಮವೂ ಬದಲಾಗಬೇಕು. ಹಳಗನ್ನಡದಲ್ಲಿಯೂ ಪದಾಂತ್ಯದಲ್ಲಿ ನಿಲ್ಲುತ್ತಿದ್ದುದು ಅನುನಾಸಿಕಗಳು ಮತ್ತು ಯ, ರ, ಲ, ಳಗಳಂಥ ವರ್ಣಗಳು. ನಾಡು, ಕಾಡು, ಮಾತುಗಳಿಗೆ ಆಗಲೂ ಉಕಾರವಿತ್ತು. ಮೊದಲು ಸನ್, ಮ್ಯಾನ್, ಮೂನ್, ಬೆಲ್. ಬಳಿಕ ಬಸ್, ಫಿಶ್. ಅನಂತರ ಕಪ್, ಕ್ಯಾಟ್. ಎಲ್ಲಕ್ಕೂ ಕಡೆಗೆ ಬ್ಯಾಗ್, ಬೆಡ್, ಡಾಗ್. ಈಗಿನ ಪಠ್ಯಗಳು ಬಹುಮಟ್ಟಿಗೆ ಇದರ ತಿರುವುಮುರುವು. ನುಡಿಸುವ ಮೊದಲು ಕೇಳಿಸಬೇಕೆಂಬುದಂತೂ ಯಾವ ಭಾಷೆಯ ಬೋಧನೆಗೂ ಅನ್ವಯಿಸುವ ಮಾತು. ಕ್ಯಾಪ್ ಮತ್ತು ಕ್ಯಾಬ್‌ಗಳ ಎರಡು ಚಿತ್ರಗಳನ್ನು ಮುಂದಿಟ್ಟು, ಹೇಳಿದ್ದನ್ನು ಬೆರಳಿಟ್ಟು ತೋರಿಸು ಎಂದರೆ ಸಾಕು. ಬಾಯಿ ಬಿಡದೆ ಕಲಿಯುವ ಅವಕಾಶ ಸಂಕೋಚದ ಮಗುವಿಗೆ ದೊಡ್ಡ ಉಪಕಾರ.

ಕನ್ನಡ ವಿಭಾಗಗಳು ಇಂಗ್ಲಿಷಿನ ಸೇವೆಗೆ ನಿಲ್ಲಬೇಕೆ ಎಂಬ ಆಕ್ಷೇಪ ಬಾರದಿರದು. ಬಾಲವನದಲ್ಲಿ ಕುಳಿತು ಮಕ್ಕಳಿಗಾಗಿ ಕನ್ನಡದಲ್ಲಿ ಲೋಕವನ್ನೇ ತೆರೆದಿಟ್ಟ ಶಿವರಾಮ ಕಾರಂತರ ಊರಿನಲ್ಲಿ ಈ ಆಕ್ಷೇಪಕ್ಕೆ ತೂಕವೂ ಇದೆ. ಆದರೆ ಒಂದನೆಯ ತರಗತಿಯಲ್ಲಿ ಇಂಗ್ಲಿಷ್ ಬೇಕೋ ಬೇಡವೋ ಎಂಬ ವಾದ ಬೇರೆ. ಅಲ್ಲಿ ಈಗ ಕುಳಿತಿರುವ ಮಗು ತನ್ನ ಮನೆಮಾತಿನ ವ್ಯಾಕರಣಕ್ಕಾಗಿ ಬೈಸಿಕೊಳ್ಳುವುದು ಬೇರೆ. ಎರಡನೆಯದನ್ನು ತಡೆಯಲು ಮೊದಲನೆಯದು ಇತ್ಯರ್ಥವಾಗುವವರೆಗೆ ಕಾಯಬೇಕಿಲ್ಲ. ಅಲ್ಲದೆ ಇದರಿಂದ ಕನ್ನಡ ಸಂಶೋಧನೆಗೂ ಲಾಭವಿದೆ. ಒಮ್ಮೆ ವ್ಯಂಜನಾಂತಗಳನ್ನು ಕಳೆದುಕೊಂಡ ಭಾಷೆ ಎರವಲು ಪದಗಳ ಮೂಲಕ ಅವನ್ನು ಮತ್ತೆ ಒಳಗೆ ಬಿಟ್ಟುಕೊಳ್ಳುತ್ತಿದೆ. ಬಸ್ಸು, ಸ್ಕೂಲು, ಬ್ಯಾಂಕು ಎಂದು ಬರೆಯುತ್ತಿದ್ದ ಕಡೆ ಬಸ್, ಸ್ಕೂಲ್, ಬ್ಯಾಂಕ್ ಎಂಬ ಬರಹ ಬಲಿಯುತ್ತಿದೆ. ವಿಭಕ್ತಿ ಹತ್ತಿದಾಗ ಮಾತ್ರ ಬಸ್ಸಿನಲ್ಲಿ, ಬ್ಯಾಂಕಿಗೆ ಎಂದು ಹಳೆಯ ನಿಯಮ ತಲೆಯೆತ್ತುತ್ತದೆ. ನಡುಗನ್ನಡದ ಪರಿವರ್ತನೆಯನ್ನು ಶಾಸನಗಳಿಂದ ಊಹಿಸಬೇಕು. ಈ ಪರಿವರ್ತನೆ ಮಾತ್ರ ಕಣ್ಣೆದುರಿನ ತರಗತಿಯಲ್ಲಿ ನಡೆಯುತ್ತಿದೆ.

ಆಗಬೇಕಾದ ಕೆಲಸ ದೊಡ್ಡದೇನಲ್ಲ. ಪುತ್ತೂರು, ಸುಳ್ಯ, ಕಡಬದ ಪ್ರತಿಯೊಂದು ಮನೆಮಾತಿನಲ್ಲಿ ಪದಾಂತ್ಯದಲ್ಲಿ ನಿಲ್ಲಬಲ್ಲ ಧ್ವನಿಗಳು ಯಾವುವು, ನಿಲ್ಲದಿದ್ದಾಗ ಸೇರುವ ಸ್ವರ ಯಾವುದು ಎಂಬ ಒಂದು ಕೋಷ್ಟಕ ಮೊದಲು ಸಿದ್ಧವಾಗಬ0ಕು. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ 1988ರಿಂದ 1997ರ ನಡುವೆ ಬಂದ ಆರು ಸಂಪುಟಗಳ ತುಳು ನಿಘಂಟಿನಂಥ ಆಕರ ಕೈಯಲ್ಲಿರುವಾಗ ತುಳುವಿನ ಭಾಗ ಸುಲಭ. ಉಳಿದ ಭಾಷೆಗಳಿಗೆ ಸ್ನಾತಕೋತ್ತರ ವಿದ್ಯಾರ್ಥಿಗಳ ಕಿರುಪ್ರಬಂಧಗಳು ಸಾಕು. ಆ ಕೋಷ್ಟಕ ಶಿಕ್ಷಕ ತರಬೇತಿಯ ಕೈಗೆ ಹೋಗಬೇಕು. ದಕ್ಷಿಣ ಕನ್ನಡದ ಪ್ರಾಥಮಿಕ ಶಾಲೆಗಳಲ್ಲಿ ಉತ್ತರದ ಜಿಲ್ಲೆಗಳಿಂದ ಬಂದ ಶಿಕ್ಷಕರು ಅನೇಕರಿದ್ದಾರೆ. ತುಳು ಬಾರದೆಂಬುದು ಅವರ ಕೊರತೆಯೆಂದೇ ಈವರೆಗೆ ಎಣಿಸಲಾಗಿದೆ. ಆದರೆ ಸ್ಥಳೀಯರ ಕಿವಿಗೆ ಬೀಳದ ಆ ಅರ್ಧ ಉಕಾರ ಅವರಿಗೆ ಮೊದಲ ದಿನವೇ ಕೇಳಿಸುತ್ತದೆ. ಕೋಷ್ಟಕದ ತುಳು ಅಂಕಣವನ್ನು ತುಂಬಿದ ಬಳಿಕ ಅದನ್ನು ಪರಿಶೀಲಿಸಲು ಇಂಥ ಇಬ್ಬರು ಶಿಕ್ಷಕರನ್ನು ಕೂರಿಸಿಕೊಳ್ಳುವುದು ಒಳ್ಳೆಯದು.